ಆಟಿಕೆ ಅಂತಲೇ ಅನ್ನಿ, ಜಾಗ ಮಾತ್ರ ಕೊಡಿ

2022ರ ಜನವರಿ 29ರ ಸಂಜೆ ವಿಜಯ್ ಚೌಕದ ಆಕಾಶದಲ್ಲಿ ಸಾವಿರ ಡ್ರೋನ್‌ಗಳು ಒಟ್ಟಿಗೇ ಹಾರಿದವು. ಬೀಟಿಂಗ್ ರಿಟ್ರೀಟ್ ಸಮಾರಂಭ. ಐಐಟಿ ದೆಹಲಿಯ ಆಸರೆಯಲ್ಲಿ ಬೆಳೆದ ಬಾಟ್‌ಲ್ಯಾಬ್ ಡೈನಾಮಿಕ್ಸ್ ಎಂಬ ಸ್ಟಾರ್ಟಪ್ ಅದನ್ನು ಮಾಡಿ ತೋರಿಸಿತು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಅದೇ ವರ್ಷ ಮೇ 27 ಮತ್ತು 28ರಂದು ಪ್ರಗತಿ ಮೈದಾನದಲ್ಲಿ ‘ಭಾರತ್ ಡ್ರೋನ್ ಮಹೋತ್ಸವ’ ನಡೆಯಿತು. 2030ರ ಹೊತ್ತಿಗೆ ಭಾರತ ಜಗತ್ತಿನ ಡ್ರೋನ್ ಹಬ್ ಆಗಬೇಕು ಅಂತ ಗುರಿ ಹಾಕಿದರು. ತಯಾರಕರಿಗೆ 120 ಕೋಟಿ ರೂಪಾಯಿ ಪ್ರೋತ್ಸಾಹಧನ ಬಂತು. ಆಮೇಲೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ‘ನಮೋ ಡ್ರೋನ್ ದೀದಿ’ ಯೋಜನೆ, ಅದಕ್ಕೆ 1,261 ಕೋಟಿ.

ಇಷ್ಟೆಲ್ಲ ಆಕಾಶ ಹಂಚುತ್ತಿರುವ ದೇಶದ ರಾಜಧಾನಿಯಲ್ಲಿ, ಭಾನುವಾರ ಬೆಳಿಗ್ಗೆ ಒಂದೂವರೆ ಕಿಲೋ ತೂಕದ ಥರ್ಮಕೋಲ್ ವಿಮಾನ ಹಾರಿಸಲು ನನ್ನಂಥವನಿಗೆ ನೂರು ಮೀಟರ್ ನೆಲ ಇಲ್ಲ. ಈ ಬರಹ ಇರುವುದು ಅದರ ಬಗ್ಗೆ. ಜಗಳ ಕಾಯುವ ಬರಹ, ಮೊದಲೇ ಹೇಳಿಬಿಡುತ್ತೇನೆ.

ನನ್ನಂಥವನು ಅಂದರೆ ಯಾರು? ರೇಡಿಯೋ ನಿಯಂತ್ರಿತ ಮಾದರಿ ವಿಮಾನ ಕಟ್ಟಿ ಹಾರಿಸುವವನು. ನನಗೆ ಈ ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ, ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ. ಜಕ್ಕೂರಿನಲ್ಲಿ ವಾಯುಸೈನಿಕ ಶಿಬಿರಗಳು ನಡೆಯುತ್ತಿದ್ದ ಕಾಲ. ಬಾಲ್ಸಾ ಮರದ ಹಾಳೆ, ಬ್ಲೇಡು, ಫೆವಿಕಾಲು, ಮೆಥನಾಲ್ ಮತ್ತು ಹರಳೆಣ್ಣೆ ಬೆರೆಸಿದ ಇಂಧನದ ವಾಸನೆ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದವನು ಮತ್ತೆ ಮೊದಲಿನಂತಾಗುವುದಿಲ್ಲ. ಆಮೇಲೆ ಎಲ್ಲರ ಹಾಗೆ ಡಿಗ್ರಿ, ಕೆಲಸ, ನೊಯ್ಡಾ, ಹನ್ನೆರಡನೇ ಮಹಡಿಯ ಫ್ಲ್ಯಾಟು. ವಿಮಾನ ಮಾತ್ರ ಬಿಡಲಿಲ್ಲ. ಈಗ ಬಾಲ್ಕನಿಯಲ್ಲಿ ಬಟ್ಟೆ ಒಣಗುವ ತಂತಿಯ ಮೇಲೆ ಎರಡು ಜೊತೆ ರೆಕ್ಕೆ ತೂಗುತ್ತವೆ.

ನಮ್ಮ ಗುಂಪಿನಲ್ಲಿ ಕಾಲೇಜು ಹುಡುಗರಿದ್ದಾರೆ, ದಂತವೈದ್ಯರಿದ್ದಾರೆ, ಎಪ್ಪತ್ತು ದಾಟಿದ ನಿವೃತ್ತರೊಬ್ಬರಿದ್ದಾರೆ. ಅವರ ಬೆರಳು ಈಗ ಸ್ವಲ್ಪ ನಡುಗುತ್ತದೆ, ಆದರೆ ವಿಮಾನ ನಡುಗುವುದಿಲ್ಲ. ಈ ಹವ್ಯಾಸ ಒಮ್ಮೆ ಅಂಟಿದರೆ ಹೋಗುವುದು ಕಷ್ಟ, ಅದಕ್ಕೆ ಕಾರಣ ಇದೆ. ಕಲಿತು ಮುಗಿಯುವುದೇ ಇಲ್ಲ. ವಿಮಾನ ನಿಮ್ಮಿಂದ ದೂರ ಹೋಗುವಾಗ ಕೋಲನ್ನು ಎಡಕ್ಕೆ ತಳ್ಳಿದರೆ ಅದು ನಿಮ್ಮ ಎಡಕ್ಕೇ ವಾಲುತ್ತದೆ. ನಿಮ್ಮತ್ತ ಬರುವಾಗ ಎಡ ಬಲ ಅದಲುಬದಲು. ಮೊದಲ ವರ್ಷ ಎಲ್ಲರೂ ವಿಮಾನ ಕಳೆದುಕೊಳ್ಳುವುದು ಅಲ್ಲೇ. ಹಿರಿಯರು ಒಂದೇ ಒಂದು ಸೂತ್ರ ಹೇಳಿಕೊಡುತ್ತಾರೆ: ಎದುರು ಬರುವಾಗ ಯಾವ ರೆಕ್ಕೆ ಕೆಳಗಾಯಿತೋ ಆ ಕಡೆಗೇ ಕೋಲು ತಳ್ಳು, ಕುಸಿಯುವವನಿಗೆ ಹೆಗಲು ಕೊಟ್ಟ ಹಾಗೆ. ಇನ್ನೊಂದು ಮಾತಿದೆ, ಜಗತ್ತಿನ ಎಲ್ಲ ಹವ್ಯಾಸಿಗಳೂ ಹೇಳುವಂಥದ್ದು: ‘ಮೂರು ತಪ್ಪಿನ ಎತ್ತರ’ದಲ್ಲಿ ಹಾರಿಸು. ಅಂದರೆ ಮೂರು ಸಲ ತಪ್ಪಿದರೂ ನೆಲ ಮುಟ್ಟುವ ಮುಂಚೆ ಸರಿಪಡಿಸಿಕೊಳ್ಳುವಷ್ಟು ಎತ್ತರ. ನಮ್ಮ ಆಫೀಸುಗಳಲ್ಲಿ ಯಾರಾದರೂ ಯಾರಿಗಾದರೂ ಅಷ್ಟು ಎತ್ತರ ಕೊಡುತ್ತಾರಾ?

ಈ ಹವ್ಯಾಸದ ಬಗ್ಗೆ ಯಾರಾದರೂ ‘ಮಕ್ಕಳಾಟ’ ಅಂದಾಗ ನಮ್ಮವರು ತಕ್ಷಣ ಒಂದು ಸಿದ್ಧ ಉತ್ತರ ಎತ್ತಿಕೊಳ್ಳುತ್ತಾರೆ. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ರಬ್ಬರ್‌ಬ್ಯಾಂಡಿನ ಪುಟ್ಟ ವಿಮಾನ ಹಾರಿಸಿದ. ಅವನು ರೂಪಿಸಿದ ಇನ್ನೊಂದು ಹಾರುವ ಆಟಿಕೆಯನ್ನು 1878ರಲ್ಲಿ ಒಬ್ಬ ಅಪ್ಪ ಮನೆಗೆ ತಂದ. ಅದನ್ನು ನೋಡಿದ ಅವನ ಇಬ್ಬರು ಮಕ್ಕಳ ಹೆಸರು ವಿಲ್ಬರ್ ಮತ್ತು ಓರ್ವಿಲ್ ರೈಟ್. ನಿಜ. ರೈಟ್ ಸಹೋದರರೇ ಹೇಳಿಕೊಂಡ ಮಾತು. ಅದರ ಬೆನ್ನಿಗೆ ಮುಂದಿನ ವಾದ ಬರುತ್ತದೆ: ಇದರಿಂದ ಎಂಜಿನಿಯರುಗಳು ಹುಟ್ಟುತ್ತಾರೆ, ಡ್ರೋನ್ ಉದ್ಯಮ ಬೆಳೆಯುತ್ತದೆ, ದೇಶ ಮುಂದೆ ಹೋಗುತ್ತದೆ.

ನಾನು ಈ ವಾದ ಮಾಡುವುದಿಲ್ಲ. ಮಾಡುವವರಿಗೂ ಬೇಡ ಅನ್ನುತ್ತೇನೆ. ಉಪಯೋಗ ತೋರಿಸಿ ಅನುಮತಿ ಪಡೆದವನು ಉಪಯೋಗ ಮುಗಿದ ದಿನ ಅನುಮತಿ ಕಳೆದುಕೊಳ್ಳುತ್ತಾನೆ. ಎಪ್ಪತ್ತು ದಾಟಿದ ನಮ್ಮ ಹಿರಿಯರು ಇನ್ನು ಯಾವ ಸ್ಟಾರ್ಟಪ್ ಕಟ್ಟಬೇಕು? ಹಲ್ಲು ಕೀಳುವ ಡಾಕ್ಟರು ಯಾವ ಡಿಆರ್‌ಡಿಒ ಸೇರಬೇಕು? ಸಂಜೆ ರಾಗ ಹಾಡಿಕೊಳ್ಳುವವನನ್ನು ‘ಇದರಿಂದ ಜಿಡಿಪಿಗೇನು’ ಅಂತ ಯಾರೂ ಕೇಳುವುದಿಲ್ಲ. ಕ್ರಿಕೆಟ್ ಆಡುವವನನ್ನಂತೂ ಕೇಳುವುದೇ ಇಲ್ಲ. ನಮ್ಮನ್ನು ಮಾತ್ರ ಯಾಕೆ?

ಮೇನಾರ್ಡ್ ಹಿಲ್ ಎಂಬ ಅಮೆರಿಕದ ಹವ್ಯಾಸಿಯ ಕಥೆ ನನಗೆ ರೈಟ್ ಸಹೋದರರ ಕಥೆಗಿಂತ ದೊಡ್ಡದು. 2003ರ ಆಗಸ್ಟಿನಲ್ಲಿ ಅವನು ಕಟ್ಟಿದ ಐದು ಕಿಲೋಗೂ ಕಡಿಮೆ ತೂಕದ ಮಾದರಿ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು, ಅಟ್ಲಾಂಟಿಕ್ ದಾಟಿ, ಸುಮಾರು 3,000 ಕಿಲೋಮೀಟರ್ ಹಾರಿ, 38 ಗಂಟೆ 52 ನಿಮಿಷಗಳ ನಂತರ ಐರ್ಲೆಂಡಿನಲ್ಲಿ ಇಳಿಯಿತು. ಆಗ ಹಿಲ್‌ಗೆ 77 ವರ್ಷ. ಕಣ್ಣು ಬಹುಪಾಲು ಹೋಗಿತ್ತು, ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ಹಿಂದಿನ ಪ್ರಯತ್ನಗಳ ವಿಮಾನಗಳು ಸಮುದ್ರದ ಪಾಲಾಗಿದ್ದವು. ಅವನು ಇದನ್ನು ಮಾಡಿ ಯಾವ ಕಂಪನಿಯನ್ನೂ ಕಟ್ಟಲಿಲ್ಲ. ಮಾಡಬೇಕು ಅನ್ನಿಸಿತು, ಮಾಡಿದ. ನನಗೆ ಅಷ್ಟು ಸಾಕು. ನಿಮಗೆ ಸಾಲದಿದ್ದರೆ ನಿಮ್ಮ ಬದುಕಿನಲ್ಲಿ ಏನೋ ಕಡಿಮೆ ಬಿದ್ದಿದೆ.

ಈಗ ಕಾನೂನಿಗೆ ಬರೋಣ. 2014ರ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಂದು ಸಾರ್ವಜನಿಕ ಸೂಚನೆ ಹೊರಡಿಸಿ, ನಿಯಮ ಬರುವವರೆಗೆ ಮಾನವರಹಿತ ವಿಮಾನಗಳ ನಾಗರಿಕ ಬಳಕೆಯನ್ನೇ ತಡೆಯಿತು. ನಿಯಮ ಜಾರಿಗೆ ಬಂದದ್ದು 2018ರ ಡಿಸೆಂಬರ್ 1ಕ್ಕೆ. ಅದರಲ್ಲಿ ‘ಅನುಮತಿ ಇಲ್ಲದಿದ್ದರೆ ಮೇಲೇಳುವುದಿಲ್ಲ’ ಎಂಬ ತತ್ವ ಇತ್ತು. ಅಂದರೆ ಯಂತ್ರದೊಳಗಿನ ಸಾಫ್ಟ್‌ವೇರ್ ಸರ್ಕಾರದ ಡಿಜಿಟಲ್ ಒಪ್ಪಿಗೆ ಪಡೆಯದೆ ಮೋಟಾರು ತಿರುಗಬಾರದು. ಥರ್ಮಕೋಲ್ ಕತ್ತರಿಸಿ, ಟೇಪು ಸುತ್ತಿ, ನಾಲ್ಕು ಸರ್ವೋ ಅಂಟಿಸಿದ ವಿಮಾನದಲ್ಲಿ ಆ ಸಾಫ್ಟ್‌ವೇರ್ ಎಲ್ಲಿ ಕೂರಿಸಬೇಕಿತ್ತು ಅಂತ ಯಾರೂ ಹೇಳಲಿಲ್ಲ. ವಿಜಯ್ ಚೌಕದ ಸುತ್ತ 5 ಕಿಲೋಮೀಟರ್ ನಿಷೇಧ ಅಂದದ್ದೂ ಆ ನಿಯಮವೇ.

2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ನಿಜವಾಗಿಯೂ ಉತ್ತಮ. ಹೊಗಳಬೇಕಾದ್ದನ್ನು ಹೊಗಳಬೇಕು. ನಮ್ಮ ಹವ್ಯಾಸಕ್ಕೆ ಅದರಲ್ಲಿ ಒಂದು ಹೆಸರು ಸಿಕ್ಕಿತು: ಕಲಿಕೆ, ಸಂಶೋಧನೆ, ಮನರಂಜನೆಗಾಗಿ ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋ ಮೀರದ ‘ಮಾದರಿ’ ವಿಮಾನ. ಅದಕ್ಕೆ ವಿನ್ಯಾಸದ ಪ್ರಮಾಣಪತ್ರ ಬೇಡ ಅಂದರು. ಎರಡು ಕಿಲೋ ಒಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರವೂ ಬೇಡ. ಹಸಿರು, ಹಳದಿ, ಕೆಂಪು ಬಣ್ಣದ ನಕ್ಷೆ ಬಂತು. ಹಸಿರಿನಲ್ಲಿ 400 ಅಡಿವರೆಗೆ ಹಾರಿಸಿ ಅಂದರು.

ಆದರೆ ಆ ನಕ್ಷೆಯನ್ನು ದೆಹಲಿಯ ಮೇಲೆ ಹಾಸಿ ನೋಡಿ. ಕಾರ್ಯನಿರತ ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್‌ವರೆಗೆ ನೆಲದಿಂದಲೇ ಹಳದಿ, ಗಾಳಿ ಸಂಚಾರ ನಿಯಂತ್ರಣದ ಒಪ್ಪಿಗೆ ಬೇಕು. 8ರಿಂದ 12 ಕಿಲೋಮೀಟರ್‌ವರೆಗೆ 200 ಅಡಿ ಮಾತ್ರ. ನೈಋತ್ಯಕ್ಕೆ ಪಾಲಂ. ಈಶಾನ್ಯಕ್ಕೆ ಹಿಂಡನ್, ವಾಯುಪಡೆಯ ನೆಲೆ, 2019ರಿಂದ ನಾಗರಿಕ ಟರ್ಮಿನಲ್ ಕೂಡ. ಆಗ್ನೇಯಕ್ಕೆ ಜೇವರ್, 2021ರ ನವೆಂಬರಿನಲ್ಲಿ ಅಡಿಗಲ್ಲು ಬಿದ್ದದ್ದು. ನಡುವೆ ರಾಷ್ಟ್ರಪತಿ ಭವನ, ಸಂಸತ್ತು, ದಂಡುಪ್ರದೇಶ. ಇವುಗಳ ಸುತ್ತ ವೃತ್ತ ಎಳೆಯುತ್ತ ಹೋದರೆ ಉಳಿಯುವುದು ಯಾರದೋ ಗೋಧಿ ಹೊಲ, ಅದೂ ಪ್ಲಾಟ್ ಆಗುವವರೆಗೆ. ನಾವು ಹತ್ತು ವರ್ಷದಲ್ಲಿ ನಾಲ್ಕು ಹೊಲ ಬದಲಾಯಿಸಿದ್ದೇವೆ. ನಾಲ್ಕರ ಮೇಲೂ ಈಗ ಟವರುಗಳು ನಿಂತಿವೆ. ಒಂದರ ಹೆಸರು ‘ಸ್ಕೈ’ಯಿಂದಲೇ ಶುರುವಾಗುತ್ತದೆ.

ಅದರ ಮೇಲೆ ಪಂಚಾಂಗ. ಜನವರಿ 26ರ ಮುಂಚೆ, ಆಗಸ್ಟ್ 15ರ ಮುಂಚೆ ದೆಹಲಿ ಪೊಲೀಸರ ನಿಷೇಧಾಜ್ಞೆ ಬರುತ್ತದೆ. ಪ್ಯಾರಾಗ್ಲೈಡರ್, ಹ್ಯಾಂಗ್ ಗ್ಲೈಡರ್, ಬಿಸಿಗಾಳಿ ಬಲೂನು, ದೂರನಿಯಂತ್ರಿತ ವಿಮಾನ, ಎಲ್ಲ ಒಂದೇ ಪಟ್ಟಿಯಲ್ಲಿ, ವಾರಗಟ್ಟಲೆ. ಇದಕ್ಕೆ ನನ್ನ ತಕರಾರು ಇಲ್ಲ. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ನಿಂದ ಬಾಂಬು ಬಿತ್ತು. 2025ರ ಮೇ ತಿಂಗಳ ರಾತ್ರಿಗಳಲ್ಲಿ ಪಶ್ಚಿಮ ಗಡಿಯ ಊರುಗಳ ಮೇಲೆ ಏನೇನು ಹಾರಿಬಂತು ಎಲ್ಲರೂ ನೋಡಿದ್ದೇವೆ. ಭದ್ರತೆಯವರ ಭಯ ಸುಳ್ಳಲ್ಲ. ಆ ವಾರಗಳಲ್ಲಿ ರೆಕ್ಕೆ ಬಿಚ್ಚಿ ಡಬ್ಬಕ್ಕೆ ಹಾಕುವುದರಲ್ಲಿ ನಾವೇ ಮೊದಲು. ಉಳಿದ ತಿಂಗಳುಗಳ ಲೆಕ್ಕವನ್ನೂ ನೋಡಿ. ಮೇ, ಜೂನ್ ಬಿಸಿಗಾಳಿ. ಜುಲೈ, ಆಗಸ್ಟ್ ಮಳೆ ಮತ್ತು ಆಜ್ಞೆ. ನವೆಂಬರ್‌ನಿಂದ ಹೊಗೆ, ಆಮೇಲೆ ಮಂಜು, ವಿಮಾನ ಐವತ್ತು ಮೀಟರ್ ಹೋದರೆ ಕಾಣುವುದಿಲ್ಲ. ವರ್ಷದಲ್ಲಿ ಹಾರಿಸಲು ಸಿಗುವುದು ಹದಿನೈದಿಪ್ಪತ್ತು ಭಾನುವಾರ. ಅಷ್ಟಕ್ಕೆ ಜಾಗ ಕೇಳುತ್ತಿದ್ದೇವೆ.

ಭಯ ನಿಜವಾದರೆ ಅದಕ್ಕೆ ಮದ್ದು ಏನು? ಗಾಳಿಪಟವನ್ನು ನೋಡಿ ಕಲಿಯಬಹುದಿತ್ತು. ಆಗಸ್ಟ್ 15ರಂದು ಹಳೇ ದೆಹಲಿಯ ಮಾಳಿಗೆಗಳ ಮೇಲೆ ನಿಂತು ನೋಡಿದವರಿಗೆ ಗೊತ್ತು, ಆಕಾಶವೇ ಕಾಣದಷ್ಟು ಪಟ. 1934ರ ವಿಮಾನ ಕಾಯ್ದೆಯ ವ್ಯಾಖ್ಯೆ ಪ್ರಕಾರ ಗಾಳಿಪಟ ಕೂಡ ಒಂದು ವಿಮಾನವೇ ಆಗಿತ್ತು! ಅದರ ಗಾಜುಪುಡಿ ಹಚ್ಚಿದ ನೈಲಾನ್ ದಾರಕ್ಕೆ ಸ್ಕೂಟರ್ ಸವಾರರ ಕತ್ತು ಸೀಳಿ ಪ್ರಾಣ ಹೋಗಿದೆ. ಆಗ 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಮಾಂಜಾವನ್ನು ನಿಷೇಧಿಸಿತು, ಪಟವನ್ನು ಬಿಟ್ಟಿತು. ಅಪಾಯ ಯಾವುದು, ಆಟ ಯಾವುದು ಅಂತ ಬೇರೆ ಮಾಡಿ ನೋಡುವ ವಿವೇಕ ಅಲ್ಲಿತ್ತು. ನಮ್ಮ ವಿಷಯಕ್ಕೆ ಬಂದಾಗ ಆ ವಿವೇಕಕ್ಕೆ ರಜೆ.

ನಮ್ಮ ವಿಮಾನದ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಕ್ಯಾಮೆರಾ ಡ್ರೋನ್ ತನ್ನಷ್ಟಕ್ಕೆ ತಾನು ಗಾಳಿಯಲ್ಲಿ ನಿಲ್ಲುತ್ತದೆ, ಉಪಗ್ರಹ ಕೇಳಿಕೊಂಡು ದಾರಿ ಹುಡುಕುತ್ತದೆ, ನೀವು ಟೀ ಕುಡಿಯಬಹುದು. ನಾವು ಹಾರಿಸುವ ರೆಕ್ಕೆಯ ವಿಮಾನ ಒಂದು ಕ್ಷಣ ನಿಲ್ಲುವುದಿಲ್ಲ. ಬಹುಪಾಲು ವಿಮಾನಗಳಲ್ಲಿ ಕ್ಯಾಮೆರಾ ಇಲ್ಲ, ಜಿಪಿಎಸ್ ಇಲ್ಲ. ನಾಲ್ಕೈದು ನೂರು ಮೀಟರ್ ಹೋದರೆ ತಲೆ ಯಾವುದು, ಬಾಲ ಯಾವುದು ಕಣ್ಣಿಗೆ ತಿಳಿಯುವುದಿಲ್ಲ. ಅಲ್ಲಿಗೆ ಅದರ ಸಾಮ್ರಾಜ್ಯ ಮುಗಿಯಿತು. ಹಾರಿಸುವವನ ಕಣ್ಣೇ ಅದರ ಬೇಲಿ. ಒಮ್ಮೆ ಹೊಲದಲ್ಲಿ ಪೊಲೀಸರೊಬ್ಬರು ನನ್ನ ವಿಮಾನವನ್ನು ಬೋರಲು ಹಾಕಿ, ತಿರುಗಿಸಿ, ಹತ್ತು ನಿಮಿಷ ಕ್ಯಾಮೆರಾ ಹುಡುಕಿದರು. ಇಲ್ಲ ಅಂದೆ. ‘ಕ್ಯಾಮೆರಾ ಇಲ್ಲದಿದ್ದರೆ ಮತ್ತೆ ಯಾಕೆ ಹಾರಿಸುತ್ತೀಯ?’ ಅಂತ ಕೇಳಿದರು. ಬೈಗುಳ ಆಗಿದ್ದರೆ ಮರೆಯುತ್ತಿದ್ದೆ. ಅವರು ನಿಜವಾಗಿ ಅರ್ಥವಾಗದೆ ಕೇಳಿದ್ದರು. 2021ರ ನಿಯಮದ ಪ್ರತಿ ನನ್ನ ಚೀಲದಲ್ಲಿತ್ತು. ಅದನ್ನು ಓದಿಸುವ ಹೊತ್ತಿಗೆ ಗಾಳಿ ಎದ್ದು ಆ ದಿನದ ಹಾರಾಟ ಮುಗಿದಿತ್ತು.

ಅದಕ್ಕೇ ಹೇಳುವುದು, ಬೇಕಾದ್ದು ಗೊತ್ತುಪಡಿಸಿದ ಮೈದಾನ. ಬ್ರಿಟನ್ನಿನಲ್ಲಿ ಮಾದರಿ ವಿಮಾನಗಳ ಸಂಘಕ್ಕೆ ಅಲ್ಲಿನ ವಿಮಾನಯಾನ ಪ್ರಾಧಿಕಾರ ಪ್ರತ್ಯೇಕ ಅನುಮತಿ ಕೊಟ್ಟಿದೆ, ಸದಸ್ಯರು ಸಂಘದ ಶಿಸ್ತಿನಲ್ಲಿ ಹಾರಿಸುತ್ತಾರೆ. ಅಮೆರಿಕದಲ್ಲಿ 1936ರಿಂದ ಮಾದರಿ ವಿಮಾನಗಳ ಅಕಾಡೆಮಿ ಇದೆ, ಸರ್ಕಾರ ಗುರುತಿಸಿದ ಹಾರಾಟದ ಜಾಗಗಳಿವೆ. ಹಾರಾಟಕ್ಕೆ ವಿಳಾಸ ಇದ್ದರೆ ಭದ್ರತೆಯವರಿಗೂ ಸುಲಭ. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಅಂತ ಗೊತ್ತಿರುತ್ತದೆ. ಅದರ ಹೊರಗೆ ಏನು ಹಾರಿದರೂ ಅನುಮಾನಿಸಬಹುದು. ಈಗ ಆಗುತ್ತಿರುವುದು ಉಲ್ಟಾ: ನಿಯಮ ಪಾಲಿಸುವವನು ಹೊಲದಿಂದ ಹೊಲಕ್ಕೆ ಅಲೆಯುತ್ತಾನೆ, ಪಾಲಿಸದವನು ಮದುವೆ ಮನೆಯ ಮೇಲೆ ಡ್ರೋನ್ ಬಿಡುತ್ತಾನೆ.

ಜಾಗ ಇಲ್ಲ ಅಂತೀರಾ? ದೆಹಲಿಯ ನಟ್ಟನಡುವೆ ನೂರೈವತ್ತು ಎಕರೆಗೂ ಮೀರಿದ ಗಾಲ್ಫ್ ಕ್ಲಬ್ ಇದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರವೇ ಲಾಡೋಸರಾಯ್‌ನಲ್ಲಿ ಗಾಲ್ಫ್ ಮೈದಾನ ಕಟ್ಟಿದೆ. ಚೆಂಡನ್ನು ಕೋಲಿನಿಂದ ಹೊಡೆದು ಕುಣಿಯಲ್ಲಿ ಬೀಳಿಸುವುದು ದೊಡ್ಡವರ ಆಟ, ವಿಮಾನವನ್ನು ಗಾಳಿಗೆ ಎದುರಾಗಿ ಇಳಿಸುವುದು ಮಕ್ಕಳಾಟ. ಇದರಲ್ಲಿ ವಯಸ್ಸಿನ ಪ್ರಶ್ನೆ ಎಲ್ಲಿಂದ ಬಂತು? ಯಾರ ಜೇಬು ಎಷ್ಟು ದಪ್ಪ ಅನ್ನುವುದಷ್ಟೇ ಪ್ರಶ್ನೆ.

ಸರ್ಕಾರದ ಇಬ್ಬಂದಿತನ ಇನ್ನೊಂದಿದೆ. ದಂಡುಪ್ರದೇಶದಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರ ಹೆಸರಿನ ಪರೇಡ್ ಮೈದಾನವಿದೆ. ಜನವರಿ ಕೊನೆಗೆ ಅಲ್ಲಿ ಪ್ರಧಾನಿಗಳ ಮುಂದೆ ಎನ್‌ಸಿಸಿ ರ‍್ಯಾಲಿ. ಎನ್‌ಸಿಸಿಯಲ್ಲಿ ಮಾದರಿ ವಿಮಾನ ಹಾರಿಸುವುದು ತರಬೇತಿಯ ಭಾಗ, ಸರ್ಕಾರದ ಖರ್ಚಿನಲ್ಲಿ. ಹದಿನೆಂಟು ವರ್ಷದವನ ಕೈಗೆ ಟ್ರಾನ್ಸ್‌ಮಿಟರ್ ಕೊಟ್ಟು ಚಪ್ಪಾಳೆ ತಟ್ಟುತ್ತೀರಿ. ಸಮವಸ್ತ್ರ ಬಿಚ್ಚಿದ ಮರುದಿನ ಅದೇ ಟ್ರಾನ್ಸ್‌ಮಿಟರ್ ಹಿಡಿದವನು ಅನುಮಾನಾಸ್ಪದ ವ್ಯಕ್ತಿ. ಕಲಿಸಿದ್ದು ಮರೆತುಬಿಡಲಿ ಅಂತಲೇ ಕಲಿಸಿದಿರಾ?

ಈಗ ನಮ್ಮವರ ಕಡೆ ತಿರುಗುತ್ತೇನೆ. ಸರ್ಕಾರಕ್ಕಿಂತ ನನಗೆ ಹೆಚ್ಚು ಸಿಟ್ಟಿರುವುದು ಇಲ್ಲೇ. ಊರು ಬಿಟ್ಟು ದೆಹಲಿ, ಗುರುಗ್ರಾಮ, ನೊಯ್ಡಾಕ್ಕೆ ಬಂದ ನಾವು ಸಂಬಳದ ಬೆನ್ನು ಹತ್ತಿ ಬಂದವರು. ತಪ್ಪೇನಿಲ್ಲ. ಆದರೆ ಬರುವಾಗ ಹಿತ್ತಲು, ಕೆರೆ ಏರಿ, ಸಂಜೆಯ ಹೊತ್ತು ಎಲ್ಲವನ್ನೂ ಬಿಟ್ಟು ಬಂದೆವು, ಮತ್ತು ಅವನ್ನು ಇಲ್ಲಿ ಕೇಳುವುದೇ ಅಪರಾಧ ಅಂದುಕೊಂಡೆವು. ಹವ್ಯಾಸ ಅಂದರೆ ಒಂದೋ ಮಗನ ಅಡ್ಮಿಷನ್ನಿಗೆ ಸರ್ಟಿಫಿಕೇಟು ತರಬೇಕು, ಇಲ್ಲವೇ ಯೂಟ್ಯೂಬ್‌ನಲ್ಲಿ ದುಡ್ಡು ತರಬೇಕು. ಎರಡೂ ತರದಿದ್ದರೆ ‘ಕೆಲಸವಿಲ್ಲದ ಬಡಗಿ’ಯ ಗಾದೆ ನೆನಪಿಸುತ್ತೇವೆ. ವಿಮಾನದ ಡಬ್ಬ ಹಿಡಿದು ಲಿಫ್ಟಿನಲ್ಲಿ ನಿಂತಾಗ ನನ್ನನ್ನು ಎಲ್ಲರೂ ಕೇಳುವುದು ಒಂದೇ: ‘ಮಗನಿಗಾ?’ ನನಗೆ ಮಗಳು, ಅವಳಿಗೆ ಇದರಲ್ಲಿ ಆಸಕ್ತಿಯಿಲ್ಲ, ಅವಳು ತಬಲಾ ಬಾರಿಸುತ್ತಾಳೆ. ವಿಮಾನ ನನ್ನದು.

ಕೈಯಾರೆ ಮಾಡುವವರನ್ನು ಹೀಗೆ ನಕ್ಕು ದೂರ ಇಟ್ಟ ಸಮಾಜಕ್ಕೆ ಏನಾಗುತ್ತದೆ ಅಂತ 2020ರಲ್ಲಿ ನಾವು ಕನ್ನಡಿಗರು ಚೆನ್ನಾಗಿಯೇ ನೋಡಿದೆವು. ಇ-ತ್ಯಾಜ್ಯದಿಂದ ನೂರಾರು ಡ್ರೋನ್ ಕಟ್ಟಿದ ಹುಡುಗನ ಕಥೆ ವರ್ಷಗಟ್ಟಲೆ ಓಡಿತು. ವೇದಿಕೆ, ಹಾರ, ಸನ್ಮಾನ. ‘ಒಂದನ್ನು ಹಾರಿಸಿ ತೋರಿಸಪ್ಪ’ ಅಂತ ಕೇಳಲು ನಮ್ಮ ಸಭಾಂಗಣಗಳಲ್ಲಿ ಒಬ್ಬರೂ ಇರಲಿಲ್ಲ. ಎಚ್‌ಎಎಲ್ 1940ರಿಂದ ಇರುವ ನಾಡು. ದೆಹಲಿಯಲ್ಲಿ 1959ರಲ್ಲಿ ಹುಟ್ಟಿದ ಎನ್‌ಎಎಲ್ ಮರುವರ್ಷವೇ ಬೆಂಗಳೂರಿಗೆ ವಲಸೆ ಹೋದ ನಾಡು. ಅಷ್ಟು ದೊಡ್ಡ ಸಂಸ್ಥೆಗಳಿದ್ದೂ, ಬೀದಿಗೊಬ್ಬ ಹವ್ಯಾಸಿ ಇಲ್ಲದ ಕಾರಣ ಊರಿಗೆ ಊರೇ ನಂಬಿತು. ಹುಡುಗನನ್ನು ಬೈದು ಕೈತೊಳೆದುಕೊಂಡೆವು. ನಮ್ಮನ್ನು ನಾವು ಏನೂ ಕೇಳಿಕೊಳ್ಳಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಹೊಸ ಡ್ರೋನ್ ಮಸೂದೆಯ ಕರಡು ಹೊರಡಿಸಿತು. 2021ರ ನಿಯಮದಲ್ಲಿ ಗರಿಷ್ಠ ಒಂದು ಲಕ್ಷ ದಂಡ ಇದ್ದ ಜಾಗಕ್ಕೆ ಕರಡಿನಲ್ಲಿ ಜೈಲಿನ ಮಾತೂ ಬಂತು. ಕಾನೂನು ಯಾವ ರೂಪದಲ್ಲಿ ಬಂದರೂ ನಾನು ಕೇಳುವುದು ಇಷ್ಟು. ಮಾದರಿ ವಿಮಾನಕ್ಕೆ 2021ರಲ್ಲಿ ಕೊಟ್ಟ ಹೆಸರು, ರಿಯಾಯಿತಿ ಎರಡೂ ಉಳಿಯಲಿ. ಥರ್ಮಕೋಲ್ ತುಂಡಿಗೆ ಜೈಲು ಬೇಡ. ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ಗೌತಮಬುದ್ಧ ನಗರ, ವಾಯವ್ಯ ದೆಹಲಿ, ಈ ಐದು ಕಡೆ ತಲಾ ಒಂದು ಮೈದಾನ ಗುರುತಿಸಿ ನಕ್ಷೆಯಲ್ಲಿ ಹಾಕಿ. ಮನೆ ಕಟ್ಟಲು ಬಾರದ ಜಾಗವೇ ಕೊಡಿ, ಮುಚ್ಚಿದ ಕಸದ ಗುಂಡಿಯ ಪಕ್ಕವಾದರೂ ಸರಿ. ಓಖ್ಲಾ ಪಕ್ಷಿಧಾಮದಂಥ ಕಡೆ ಬೇಡವೇ ಬೇಡ, ಹಕ್ಕಿಗಳ ಹಕ್ಕು ನಮಗಿಂತ ಹಳೆಯದು. ಎತ್ತರ 400 ಅಡಿ, ಹೊತ್ತು ಬೆಳಿಗ್ಗೆ ಆರರಿಂದ ಹತ್ತು, ಹೆಸರು ಬರೆಯುವ ಪುಸ್ತಕ, ಪ್ರತಿಯೊಬ್ಬನಿಗೂ ವಿಮೆ. ನಿಷೇಧಾಜ್ಞೆ ಬಂದ ದಿನ ಗೇಟಿಗೆ ಬೀಗ ನಾವೇ ಹಾಕುತ್ತೇವೆ. ಹುಲ್ಲು ಕೂಡ ನಾವೇ ಕತ್ತರಿಸುತ್ತೇವೆ.

ಓದುತ್ತಿರುವ ನಿಮ್ಮಲ್ಲಿ ಯಾರ ಅಟ್ಟದ ಮೇಲೋ ಒಂದು ಹಳೆಯ ಡಬ್ಬ ಇದ್ದೇ ಇರುತ್ತದೆ. ವಿಮಾನವೇ ಆಗಬೇಕಿಲ್ಲ, ಪಿಟೀಲು, ದೂರದರ್ಶಕ, ಅಂಚೆಚೀಟಿ, ಏನೋ ಒಂದು. ಅದನ್ನು ಕೆಳಗಿಳಿಸುವ ಮುಂಚೆ ‘ಇದರಿಂದ ಏನು ಪ್ರಯೋಜನ’ ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಬೇಡಿ. ಆ ಪ್ರಶ್ನೆಗೆ ಉತ್ತರ ಕೊಡುತ್ತ ಕೊಡುತ್ತಲೇ ಈ ಊರಿನಲ್ಲಿ ನಮ್ಮೆಲ್ಲರ ಭಾನುವಾರಗಳು ಕಳೆದುಹೋಗಿವೆ.